ಹತ್ತು ಭಾನುವಾರ, ಒಂದೇ ಪೆಟ್ಟಿಗೆ: ನಮ್ಮ ಬೋರ್ಡ್ ಗೇಮ್ ತಂಡ ಉಳಿದದ್ದು ಹೀಗೆ

ಹೋದ ವರ್ಷ ಮೇ ಕೊನೆಯಲ್ಲಿ ನಾನು "ಇನ್ನು ಹತ್ತು ಭಾನುವಾರ ಒಂದೇ ಆಟ ಆಡುವ, ಬೇರೆ ಪೆಟ್ಟಿಗೆ ತೆರೆಯುವುದೇ ಬೇಡ" ಅಂದೆ. ನಮ್ಮ ತಂಡದ ಟೈಲ್ಸ್ ಅಂಗಡಿಯವನು ಜೋರಾಗಿ ನಕ್ಕ. "ಮೂರನೇ ವಾರಕ್ಕೆ ನೀನೊಬ್ಬನೇ ಇರ್ತಿ ಮಾರಾಯ" ಅಂದ. ಬ್ಯಾಂಕಿನ ಅಣ್ಣನಿಗೂ ನಂಬಿಕೆ ಇರಲಿಲ್ಲ. ಸುರತ್ಕಲ್‌ನಿಂದ ಬರುವ ಇಂಜಿನಿಯರಿಂಗ್ ಹುಡುಗ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹತ್ತು ವಾರ ಮುಗಿದ ಮೇಲೆ, ಇನ್ನೂ ನಾಲ್ಕು ವಾರ ಅದೇ ಆಟ ಬೇಕು ಅಂತ ಹಟ ಮಾಡಿದ್ದು ಅದೇ ಟೈಲ್ಸ್ ಅಂಗಡಿಯವನು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಂಗಳೂರಲ್ಲಿ ತಂಡ ಕಟ್ಟಲು ಹೋಗಿ ಕೈ ಸುಟ್ಟುಕೊಂಡವರು ಇನ್ನೂ ಕೆಲವರಿದ್ದಾರೆ, ಅವರಿಗೆ ಉಪಯೋಗ ಆಗಬಹುದು.

ಮೊದಲ ಎರಡು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ರತಿ ತಿಂಗಳು ಹೊಸ ಪೆಟ್ಟಿಗೆ. ಕಟಾನ್, ಕಾರ್ಕಸೋನ್, ಟಿಕೆಟ್ ಟು ರೈಡ್ ಅಂತ ಶುರುವಾಗಿ ಅಜುಲ್, ವಿಂಗ್‌ಸ್ಪ್ಯಾನ್, ಟೆರಾಫಾರ್ಮಿಂಗ್ ಮಾರ್ಸ್ ತನಕ ಹೋಯ್ತು. ನೆನಪಿನ ಲೆಕ್ಕದಲ್ಲಿ 22 ಪೆಟ್ಟಿಗೆ, ಅರವತ್ತು ಸಾವಿರದ ಹತ್ತಿರ ಖರ್ಚು. ಒಂದನ್ನು ಹೊರದೇಶದಿಂದ ತರಿಸಿದೆ. ಆಟಕ್ಕೆ ಐದು ಸಾವಿರ, ಕಸ್ಟಮ್ಸ್ ಮತ್ತು ಕೊರಿಯರ್ ಅಂತ ಇನ್ನೂ ಎರಡೂವರೆ ಸಾವಿರದ ಮೇಲೆ ಹೋಯ್ತು. ಬಂದದ್ದು ಮೂಲೆ ಜಜ್ಜಿದ ಪೆಟ್ಟಿಗೆ. ಅದನ್ನು ಆಡಿದ್ದು ಬರೀ ಎರಡು ಸಲ.

ಹಣಕ್ಕಿಂತ ಬೇಜಾರಿನ ಸಂಗತಿ ಬೇರೆ. ಪ್ರತಿ ಭಾನುವಾರ ಮುಕ್ಕಾಲು ಗಂಟೆ ನಾನು ನಿಯಮ ಹೇಳುವುದು, ಉಳಿದವರು ಮೊಬೈಲ್ ನೋಡುವುದು. ಆಟ ಸ್ವಲ್ಪ ಅರ್ಥ ಆಗುವಷ್ಟರಲ್ಲಿ ಮುಗಿದಿರುತ್ತಿತ್ತು. ಮುಗಿದ ಮೇಲೆ ಮಾತು ಅಂದರೆ "ಚೆನ್ನಾಗಿತ್ತು", "ಸ್ವಲ್ಪ ಉದ್ದ ಆಯ್ತು", ಅಷ್ಟೇ. ಮುಂದಿನ ವಾರ ಮತ್ತೆ ಹೊಸ ಆಟ, ಮತ್ತೆ ಅ ಆ ಇ ಈ. ಹನ್ನೊಂದು ಜನ ಇದ್ದ ತಂಡ ನಾಲ್ಕಕ್ಕೆ ಇಳಿಯಿತು. ಕದ್ರಿ ಕಡೆಯ ಒಂದು ಕೆಫೆಯಲ್ಲಿ ಕೂರುತ್ತಿದ್ದೆವು, ನಾಲ್ಕು ಚಹಾಕ್ಕೆ ಮೂರು ಗಂಟೆ ಕೂರುತ್ತೀರಿ ಅಂತ ಅಲ್ಲಿಂದಲೂ ಎಬ್ಬಿಸಿದರು. ಆಮೇಲೆ ಬಿಜೈಯ ನಮ್ಮ ಮನೆಯ ಚಾವಡಿಯೇ ಗತಿ.

ಒಂದೇ ಆಟ ಅನ್ನುವ ಯೋಚನೆ ಬಂದದ್ದು ಅಜ್ಜಿಯ ಚೆನ್ನೆಮಣೆಯಿಂದ. ಅಟ್ಟ ಗುಡಿಸುವಾಗ ಸಿಕ್ಕಿತು. ನಮ್ಮ ಕಡೆ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯ ಹೊತ್ತಿಗೆ, ಚೆನ್ನೆ ಆಡುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಹೊರಗೆ ಜಡಿಮಳೆ. ತಿಂಗಳು ಪೂರ್ತಿ ಅದೇ ಆಟ. ಅಜ್ಜಿಯೂ ಪಕ್ಕದ ಮನೆಯ ದೊಡ್ಡಮ್ಮನೂ ಮಧ್ಯಾಹ್ನ ಊಟ ಆದ ಮೇಲೆ ಕೂತರೆ, ಆಡುವುದಕ್ಕಿಂತ ನಿನ್ನೆಯ ಆಟದ ಬಗ್ಗೆ ಮಾತಾಡುವುದೇ ಜಾಸ್ತಿ. "ನೀನು ಆ ಕಡೆಯಿಂದ ತೆಗೆಯದಿದ್ದರೆ ನಾನು ಸೋಲ್ತಿದ್ದೆ" ಅಂತ ಮರುದಿನ ಹೇಳಬೇಕಾದರೆ ನಿನ್ನೆಯ ಆಟ ತಲೆಯಲ್ಲಿ ಉಳಿದಿರಬೇಕು ಅಲ್ವಾ? ನಮ್ಮ ಚಾವಡಿಯಲ್ಲಿ ಅದು ಯಾರಿಗೂ ಉಳಿಯುತ್ತಿರಲಿಲ್ಲ.

ಆಟ ಆರಿಸಿದ್ದು ಬ್ರಾಸ್: ಬರ್ಮಿಂಗ್‌ಹ್ಯಾಮ್. 2018ರ ಆಟ, ನಾಲ್ಕು ಜನರ ತನಕ ಆಡಬಹುದು. ಹಳೆ ಇಂಗ್ಲೆಂಡಿನಲ್ಲಿ ಮೊದಲು ಕಾಲುವೆ ಕಾಲ, ಆಮೇಲೆ ರೈಲು ಕಾಲ ಅಂತ ಎರಡು ಭಾಗದಲ್ಲಿ ಕಾರ್ಖಾನೆ ಕಟ್ಟಿ ಅಂಕ ಗಳಿಸುವುದು. ನನ್ನ ಹತ್ತಿರ ಇದ್ದದ್ದೇ, ಆರು ಸಾವಿರದ ಆಸುಪಾಸು ಕೊಟ್ಟು ತೆಗೆದು ಕಪಾಟಿನಲ್ಲಿ ಇಟ್ಟದ್ದು. ಕಲಿಯಲು ಕಷ್ಟ ಅನ್ನುವುದು ನಿಜ. ಆದರೆ ಹತ್ತು ವಾರ ಅಗೆದರೂ ತಳ ಸಿಗಬಾರದು, ಅಂಥದ್ದೇ ಬೇಕಿತ್ತು. ಮೊದಲು ಸ್ಪ್ಲೆಂಡರ್‌ನಲ್ಲಿ ಪ್ರಯತ್ನ ಮಾಡಿದ್ದೆ, ನಾಲ್ಕನೇ ವಾರಕ್ಕೆ ಎಲ್ಲರೂ ಒಂದೇ ದಾರಿ ಹಿಡಿದು ಮಾತು ಮುಗಿದುಹೋಯಿತು.

ಆಗ ನಾವು ಐದು ಜನ ಆಗಿದ್ದೆವು, ಟೀಚರ್ ಅಕ್ಕ ಹೊಸದಾಗಿ ಸೇರಿದ್ದರು. ನಾಲ್ಕು ಜನ ಆಡುವುದು, ಐದನೆಯವರು ಏನು ಮಾಡುವುದು? ಇಲ್ಲೇ ನನ್ನ ಉಪಾಯ ಇರುವುದು. ಐದನೆಯವರು ಆಡುವುದಿಲ್ಲ, ಬರೆಯುತ್ತಾರೆ. ಇನ್ನೂರು ಪುಟದ ಒಂದು ಪುಸ್ತಕ. ಯಾವ ಸುತ್ತಿನಲ್ಲಿ ಯಾರು ಏನು ಮಾಡಿದರು, ಎಷ್ಟು ಖರ್ಚು, ಯಾರು ಯಾವಾಗ ಸಾಲ ತೆಗೆದರು. ನಾಲ್ಕು ಜನರ ಆಟದಲ್ಲಿ ಒಬ್ಬರಿಗೆ ಒಟ್ಟು 31 ನಡೆ ಮಾತ್ರ, ಹಾಗಾಗಿ ಬರೆಯುವುದು ದೊಡ್ಡ ಕೆಲಸ ಅಲ್ಲ. ಮುಂದಿನ ಭಾನುವಾರ ಆಟಕ್ಕೆ ಮುಂಚೆ ಹದಿನೈದು ನಿಮಿಷ ಅದನ್ನು ಓದುವುದು, ಅದರ ಮೇಲೆ ಮಾತಾಡುವುದು. "ನನಗೆ ಕಾರ್ಡ್ ಸರಿ ಬರಲಿಲ್ಲ" ಅನ್ನುವ ಮಾತು ಆಗ ಎತ್ತುವ ಹಾಗಿಲ್ಲ. ಒಂದು ನಡೆ ಹಿಡಿದು ಮಾತಾಡಬೇಕು. ಬರೆಯುವ ಸರದಿ ತಿರುಗುತ್ತಾ ಹೋಗುತ್ತದೆ.

"ಆಡದೆ ಸುಮ್ನೆ ಬರೀಲಿಕ್ಕೆ ಯಾರು ಬರ್ತಾರೆ?" ಅಂತ ಬ್ಯಾಂಕಿನ ಅಣ್ಣ ಕೇಳಿದ್ದರು. ಈಗ ಬರೆಯುವ ವಾರವೇ ಹೆಚ್ಚು ಕಲಿತೆ ಅಂತ ಹೇಳುವವರು ಅವರೇ.

ಐದನೇ ವಾರದ ಕತೆ ಹೇಳಬೇಕು. ಟೈಲ್ಸ್ ಅಂಗಡಿಯವನು ಸತತ ಸೋತಿದ್ದ. ಚುರುಕಿನ ಮನುಷ್ಯ, ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಆದರೆ ಸಾಲ ತೆಗೆಯುವುದಿಲ್ಲ. ಆಟ ಗೊತ್ತಿದ್ದವರಿಗೆ ಗೊತ್ತು, ಶುರುವಿಗೆ ಕೈಯಲ್ಲಿ 17 ಪೌಂಡ್, ಸಾಲ ತೆಗೆದರೆ 30 ಸಿಗುತ್ತದೆ, ಆದಾಯ ಮೂರು ಹಂತ ಕೆಳಗೆ ಬೀಳುತ್ತದೆ. ಅವನ ಅಪ್ಪ ಅಂಗಡಿ ಹಾಕಿದ್ದು ಒಂದು ರೂಪಾಯಿ ಸಾಲ ಇಲ್ಲದೆ, ಅದೇ ಅವನ ರಕ್ತದಲ್ಲಿ. "ಎಂತ ಸಾಲ ಮಾಡಿಸುವ ಆಟ ಇದು" ಅಂತ ಪ್ರತಿ ವಾರ ಗೊಣಗುತ್ತಿದ್ದ.

ಆ ದಿನ ಟೀಚರ್ ಅಕ್ಕ ಪುಸ್ತಕದ ಹಿಂದಿನ ಪುಟಗಳನ್ನೂ ತಿರುಗಿಸಿದರು. ಕನ್ನಡಕ ಮೇಲೆ ಮಾಡಿ, ಮಕ್ಕಳಿಗೆ ಮಾರ್ಕ್ಸ್ ಓದುವ ಹಾಗೆ ಓದಿದರು. "ನಾಲ್ಕು ವಾರ ಗೆದ್ದವರೆಲ್ಲ ಮೂರನೇ ಸುತ್ತಿನ ಒಳಗೆ ಸಾಲ ತೆಗೆದಿದ್ದಾರೆ. ನೀನು ತೆಗೆದದ್ದು ಒಂದೇ ಸಲ, ಅದೂ ಕಾಲುವೆ ಕಾಲ ಮುಗಿಯುವಾಗ." ಆಮೇಲೆ ಇನ್ನೊಂದು ತೋರಿಸಿದರು. ಕಡಿಮೆ ಖರ್ಚು ಮಾಡಿದವರು ಮುಂದಿನ ಸುತ್ತಿನಲ್ಲಿ ಮೊದಲು ಆಡುತ್ತಾರೆ. ಸಾಲ ತೆಗೆಯುವುದಕ್ಕೆ ಖರ್ಚು ಇಲ್ಲ. ಅಂದರೆ ಈ ಸುತ್ತಿನಲ್ಲಿ ಕೊನೆಯವನಾಗಿ ಕೂತು, ಬೇರೆ ಖರ್ಚು ಮಾಡದೆ ಸಾಲ ತೆಗೆದರೆ, ಬೇರೆಯವರೆಲ್ಲ ಏನಾದರೂ ಖರ್ಚು ಮಾಡಿದ್ದರೆ, ಮುಂದಿನ ಸುತ್ತಿನಲ್ಲಿ ನೀನೇ ಮೊದಲು. ಒಂದರ ಹಿಂದೆ ಒಂದು ಎರಡು ಸರದಿ, ಕೈಯಲ್ಲಿ ದುಡ್ಡು, ನಡುವೆ ಬಂದು ಜಾಗ ಹಿಡಿಯುವವರು ಯಾರೂ ಇಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಇದ್ದ. ಮತ್ತೆ "ಅಂದ್ರೆ ಇದು ಸಾಲ ಅಲ್ಲ, ಸರದಿ ಕೊಂಡುಕೊಳ್ಳುವುದು" ಅಂದ. ಆ ಒಂದು ಮಾತಿಗೆ ನನ್ನ ಎರಡು ವರ್ಷದ ಅರವತ್ತು ಸಾವಿರವೂ ಸಮ ಅಲ್ಲ. ಮುಂದಿನ ವಾರ ಅವನು ಗೆದ್ದ, 140ರ ಹತ್ತಿರ ಅಂಕ. ಮೊದಲ ವಾರ ನಾವೆಲ್ಲ 80, 90ರಲ್ಲಿ ತೆವಳುತ್ತಿದ್ದೆವು. ಸಮಯವೂ ಹಾಗೆಯೇ, ಮೊದಲ ದಿನ ನಾಲ್ಕು ಗಂಟೆ ದಾಟಿತ್ತು, ಹತ್ತನೇ ವಾರ ಎರಡೂಕಾಲು ಗಂಟೆಯಲ್ಲಿ ಮುಗಿಸಿ ಬಿಸಿ ಗೋಳಿಬಜೆ ತಿಂದೆವು. (ಆಟ ನಡೆಯುವಾಗ ಗೋಳಿಬಜೆ, ಹಲಸಿನ ಹಪ್ಪಳ ಮೇಜಿನ ಹತ್ತಿರ ತರುವ ಹಾಗಿಲ್ಲ. ಎಣ್ಣೆ ಕೈಯ ಗುರುತು ನನ್ನ ಅಜುಲ್ ಹಲಗೆಯ ಮೇಲೆ ಇವತ್ತಿಗೂ ಉಂಟು.)

ಯಾರ ಪಕ್ಕ ಯಾರನ್ನು ಕೂರಿಸುವುದು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ತಂಡ ಉಳಿದದ್ದರಲ್ಲಿ ಅದಕ್ಕೂ ದೊಡ್ಡ ಪಾಲು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಮಳೆಗಾಲ. ಇದರ ಬಗ್ಗೆ ನಮ್ಮ ಕರಾವಳಿಯವರು ಬರೆಯದೆ ಬೇರೆ ಯಾರು ಬರೆಯಬೇಕು? ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಕಾರ್ಡ್ ಏನು ಮಹಾ. ಕಾರ್ಕಸೋನ್‌ನ 72 ತುಂಡು ಉಬ್ಬಿ ಒಂದರ ಪಕ್ಕ ಒಂದು ಕೂರಲೇ ಇಲ್ಲ. ವಿಂಗ್‌ಸ್ಪ್ಯಾನ್‌ನ 170 ಹಕ್ಕಿ ಕಾರ್ಡಿಗೆ ಸ್ಲೀವ್, ಅಂದರೆ ಪ್ಲಾಸ್ಟಿಕ್ ಲಕೋಟೆ, ಹಾಕಿದೆ, ಆದರೆ ಹಾಕಿದ್ದು ಜೂನ್ ಮೂರನೇ ವಾರ. ತೇವ ಒಳಗೇ ಸಿಕ್ಕಿಹಾಕಿಕೊಂಡು ಕಾರ್ಡೆಲ್ಲ ಬಿಲ್ಲಿನ ಹಾಗೆ ಬಾಗಿತು. ಸ್ಲೀವ್‌ಗೆ ಹೋದ ಏಳುನೂರೋ ಎಂಟುನೂರೋ ದಂಡ. ಬಿಸಿಲಿಗೆ ಇಟ್ಟರೆ ಹಲಗೆ ಸೊಟ್ಟಗಾಯ್ತು. ಪೆಟ್ಟಿಗೆಯಲ್ಲಿ ಅಕ್ಕಿ ಗಂಟು ಕಟ್ಟಿ ಇಟ್ಟೆ, ಹುಳ ಬಂತು. ಇದ್ದಿಲು ಇಟ್ಟೆ, ವಾಸನೆ ಹೋಯ್ತು, ತೇವ ಹೋಗಲಿಲ್ಲ, ಮೇಲಿಂದ ಕಾರ್ಡಿಗೆ ಮಸಿ. ಕಪಾಟಿನೊಳಗೆ ಹಳೆ ಕಾಲದ ನಲವತ್ತು ವ್ಯಾಟ್ ಬಲ್ಬ್ ಉರಿಸಿದ್ದು ಚೆನ್ನಾಗಿ ನಡೆಯಿತು, ಆದರೆ ಅಮ್ಮ ಬೆಂಕಿ ಹಿಡಿದೀತು ಅಂತ ರಾತ್ರಿ ಎದ್ದು ಆರಿಸುತ್ತಿದ್ದರು, ಅವರು ಹೇಳಿದ್ದು ಸರಿಯೇ.

ಈಗ ಮಾಡುವುದು ಇಷ್ಟು. ಸ್ಲೀವ್ ಹಾಕುವುದು ಜನವರಿ, ಫೆಬ್ರವರಿಯಲ್ಲಿ ಮಾತ್ರ, ಮಧ್ಯಾಹ್ನದ ಹೊತ್ತು. ಮೇ ಮುಗಿಯುವುದರೊಳಗೆ ಎಲ್ಲ ಪೆಟ್ಟಿಗೆ ರಬ್ಬರ್ ಅಂಚಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ. ಒಂದು ಡಬ್ಬಿಗೆ ಕಾಲು ಕಿಲೋ ಸಿಲಿಕಾ ಜೆಲ್, ಬಣ್ಣ ಬದಲಾಗುವ ಜಾತಿಯದ್ದು. ಬಣ್ಣ ಬದಲಾದರೆ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಇಡುವುದು. ಇದಲ್ಲದೆ ಡಬ್ಬಿಯ ತಳಕ್ಕೆ ಇನ್ನೊಂದು ವಸ್ತು ಹಾಕುತ್ತೇನೆ, ಇನ್ನೊಂದು ಮಳೆಗಾಲ ನೋಡಿ ಆಮೇಲೆ ಹೇಳುತ್ತೇನೆ. ಒಂದೇ ಆಟ ಆಡಿದ್ದರ ಲಾಭ ಇಲ್ಲೂ ಉಂಟು, ಮಳೆಗಾಲದಲ್ಲಿ ತೆರೆಯುವುದು ಒಂದೇ ಡಬ್ಬಿ.

ಇದರ ನಡುವೆ ಅಪ್ಪ ಮತ್ತು ಮಾವನ ಮೇಲೂ ಒಂದು ಪ್ರಯೋಗ ಮಾಡಿದೆ. ಇಬ್ಬರೂ ಇಪ್ಪತ್ತೆಂಟು ಅನ್ನುವ ಇಸ್ಪೀಟ್ ಆಟ ಆಡಿ ಬೆಳೆದವರು, ನನ್ನ ಪೆಟ್ಟಿಗೆಗಳ ಕಡೆ ಕಣ್ಣೆತ್ತಿ ನೋಡಿದವರಲ್ಲ. 2019ರ ದಿ ಕ್ರೂ ಅನ್ನುವ ಕಾರ್ಡ್ ಆಟ ಕೊಟ್ಟೆ. ತುರುಪು ಗೊತ್ತಿದ್ದವರಿಗೆ ಅದರಲ್ಲಿ ಹೇಳಿಕೊಡಲು ಏನೂ ಇಲ್ಲ, ನಾಲ್ಕು ಬಣ್ಣ, ಒಂದರಿಂದ ಒಂಬತ್ತು, ರಾಕೆಟ್ ತುರುಪು, ಎಲ್ಲರೂ ಒಂದೇ ಪಕ್ಷ, ಕೈಯಲ್ಲಿರುವ ಕಾರ್ಡಿನ ಬಗ್ಗೆ ಮಾತಾಡಬಾರದು. ಐದು ನಿಮಿಷದಲ್ಲಿ ಶುರು ಮಾಡಿದರು. ಅದರಲ್ಲಿ 50 ಘಟ್ಟಗಳಿವೆ, ಆಟಿ ಮುಗಿಯುವಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ದಾಟಿದ್ದರು. ಮಾವ ಹುಬ್ಬು ಹಾರಿಸಿ ಸನ್ನೆ ಮಾಡುತ್ತಾರೆ ಅಂತ ಅಪ್ಪನ ತಕರಾರು. ಅವರಿಗೂ ಒಂದು ಪುಸ್ತಕ ಕೊಟ್ಟೆ, ಬರೆಯಲಿಲ್ಲ. ಆದರೆ ನಿನ್ನೆಯ ಯಾವ ಕೈಯಲ್ಲಿ ಏನು ತಪ್ಪಾಯ್ತು ಅಂತ ಬೆಳಿಗ್ಗೆ ಚಹಾ ಕುಡಿಯುವಾಗ ಎಲೆ ಎಲೆ ಬಿಡಿಸಿ ಹೇಳುತ್ತಾರೆ, ಅವರಿಗೆ ಪುಸ್ತಕ ಬೇಡ.

ಹೋದ ಡಿಸೆಂಬರ್‌ನಲ್ಲಿ ಹದಿಮೂರು ಪೆಟ್ಟಿಗೆ ಮಾರಿದೆ. ಇಪ್ಪತ್ತೊಂದು ಸಾವಿರ ಬಂತು, ಉಬ್ಬಿದ ಕಾರ್ಕಸೋನ್ ಯಾರಿಗೂ ಬೇಡವಾಯ್ತು, ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ. ತಂಡ ಈಗ ಏಳು ಜನ. ಎರಡನೇ ಹತ್ತು ವಾರಕ್ಕೆ ಬೇಸಾಯದ ಆಟ ಅಗ್ರಿಕೋಲ ಆರಿಸಿದ್ದೇವೆ, ಮೂರು ಭಾನುವಾರ ಆಗಿದೆ. ನಾಲ್ವರು ಆಡಿದರೆ ಮೂವರು ಹೊರಗೆ ಉಳಿಯುತ್ತಾರೆ, ಹಾಗಾಗಿ ಒಬ್ಬರು ಬರೆಯುವುದು, ಇನ್ನಿಬ್ಬರು ಅಪ್ಪ ಮತ್ತು ಮಾವನ ಜೊತೆ ದಿ ಕ್ರೂ. ಹೊಲ ಉಳುವುದಕ್ಕಿಂತ ಸುಗ್ಗಿಗೆ ಮನೆಯವರಿಗೆ ಊಟ ಹೊಂದಿಸುವುದೇ ದೊಡ್ಡ ತಲೆನೋವಾಗಿದೆ. ಮನೆಗೆ ಮೂರನೇ ಆಳು ಯಾವಾಗ ಬೇಕು ಅನ್ನುವುದರ ಮೇಲೆ ಹೋದ ವಾರ ಹದಿನೈದು ನಿಮಿಷದ ಮಾತು ಮುಕ್ಕಾಲು ಗಂಟೆ ಎಳೆಯಿತು. ಟೀಚರ್ ಅಕ್ಕ ಬೇಗ ಬೇಕು ಅನ್ನುತ್ತಾರೆ, ಟೈಲ್ಸ್ ಅಂಗಡಿಯವನು ಊಟಕ್ಕೆ ದಾರಿ ಆಗದೆ ಆಳು ಬೇಡ ಅನ್ನುತ್ತಾನೆ. ಪುಸ್ತಕದಲ್ಲಿ ಇನ್ನೂ ಮೂರೇ ಆಟ ಇದೆ, ಏಳನೇ ವಾರದ ತನಕ ಕಾಯಬೇಕು.