ಸ್ಯಾಂಕಿ ಎಂಬ ಅಡ್ಡಹೆಸರಿನ ಬೆನ್ನು ಹತ್ತಿ

ಬೆಂಗಳೂರಿನಲ್ಲಿ ಸ್ಯಾಂಕಿ ಕೆರೆ ಗೊತ್ತಿಲ್ಲದವರು ಕಡಿಮೆ. 1882ರಲ್ಲಿ ಅದನ್ನು ಕಟ್ಟಿಸಿದವರು ರಿಚರ್ಡ್ ಹೈರಮ್ ಸ್ಯಾಂಕಿ ಅನ್ನುವುದೂ ಬಹಳ ಜನರಿಗೆ ಗೊತ್ತು. ಅಠಾರಾ ಕಚೇರಿ, ಕಬ್ಬನ್ ಪಾರ್ಕಿನ ನಕ್ಷೆಯೂ ಅವರದ್ದೇ. ನನಗೆ ಬೇಕಾಗಿದ್ದು ಬೇರೆ. ‘ಸ್ಯಾಂಕಿ’ ಅನ್ನುವ ಹೆಸರು ಹುಟ್ಟಿದ್ದು ಎಲ್ಲಿ? ಆ ಹೆಸರಿನ ಜನ ಎಲ್ಲೆಲ್ಲಿಗೆ ಹೋದರು?

ಈ ಪ್ರಶ್ನೆ ತಲೆಗೆ ಹೊಕ್ಕಿದ್ದು ನಾನು ಮ್ಯಾಂಚೆಸ್ಟರ್ ಕಡೆ ಕೆಲಸಕ್ಕಿದ್ದಾಗ. ಅಲ್ಲಿಂದ ವಾರಿಂಗ್ಟನ್ ದಾಟಿ ಲಿವರ್‌ಪೂಲ್‌ಗೆ ಹೋಗುವ ರೈಲು ದಾರಿಯಲ್ಲಿ ‘ಸ್ಯಾಂಕಿ ಫಾರ್ ಪೆಂಕೆತ್’ ಅಂತ ಒಂದು ಸ್ಟೇಷನ್ ಇದೆ. ಬೋರ್ಡ್ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಇದೇ ಕೆಲಸ. ಒಂದೇ ಅಡ್ಡಹೆಸರನ್ನು ಹಿಡಿದು, ಆ ಹೆಸರಿನ ಪ್ರತಿಯೊಬ್ಬರನ್ನೂ ದಾಖಲೆಯಲ್ಲಿ ಹುಡುಕುವುದು. ಬ್ರಿಟನ್ನಿನಲ್ಲಿ ಇದಕ್ಕೆ ‘ಒನ್ ನೇಮ್ ಸ್ಟಡಿ’ ಅನ್ನುತ್ತಾರೆ. ಇದನ್ನೇ ಮಾಡುವವರ ಒಂದು ಸಂಘ 1979ರಿಂದಲೇ ಇದೆ. ‘ಸ್ಮಿತ್’ ಅನ್ನುವ ಹೆಸರನ್ನು ಹೀಗೆ ಹುಡುಕಲು ಹೊರಟರೆ ಜನ್ಮ ಸಾಲದು. ಹೆಸರು ಅಪರೂಪದ್ದಾಗಿದ್ದರೆ ಮಾತ್ರ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸ.

ಇಂಗ್ಲಿಷ್ ಅಡ್ಡಹೆಸರುಗಳು ಸಾಮಾನ್ಯವಾಗಿ ನಾಲ್ಕು ದಾರಿಯಲ್ಲಿ ಬಂದಿವೆ: ಅಪ್ಪನ ಹೆಸರಿನಿಂದ, ಕಸುಬಿನಿಂದ, ಜನ ಕರೆದ ಹೆಸರಿನಿಂದ, ಊರಿನಿಂದ. ಸ್ಯಾಂಕಿ ಊರಿನ ಹೆಸರು. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಧೋಳದಲ್ಲೇ ಇರುವವನನ್ನು ಮುಧೋಳ ಅಂತ ಯಾರೂ ಗುರುತಿಸುವುದಿಲ್ಲ. ಬೇರೆ ಊರಿಗೆ ಹೋಗಿ ನೆಲೆಸಿದಾಗಲೇ ಆ ಹೆಸರು ಬೆನ್ನಿಗೆ ಅಂಟುವುದು. ಊರನ್ನೇ ಹಿಡಿದಿದ್ದ ಜಮೀನ್ದಾರರ ಮಾತು ಬೇರೆ. ಸ್ಯಾಂಕಿಯಲ್ಲಿ ಎರಡೂ ಬಗೆಯವರು ಸಿಗುತ್ತಾರೆ.

ಮೂಲ ಜಾಗ ಇರುವುದು ಹಳೆಯ ಲಂಕಾಶೈರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ವಾರಿಂಗ್ಟನ್ ಪಟ್ಟಣದ ಪಶ್ಚಿಮಕ್ಕೆ. ಗ್ರೇಟ್ ಸ್ಯಾಂಕಿ, ಲಿಟಲ್ ಸ್ಯಾಂಕಿ ಅಂತ ಎರಡು ಊರು. ಎರಡಕ್ಕೂ ಹೆಸರು ಕೊಟ್ಟದ್ದು ಪಕ್ಕದಲ್ಲೇ ಹರಿದು ಮರ್ಸಿ ನದಿ ಸೇರುವ ಸ್ಯಾಂಕಿ ಬ್ರೂಕ್ ಎಂಬ ಹಳ್ಳ. ಈ ಹಳ್ಳದ ಹೆಸರು ಇಂಗ್ಲಿಷಿಗಿಂತ ಹಳೆಯದು, ಅದಕ್ಕೂ ಮೊದಲು ಅಲ್ಲಿದ್ದ ಕೆಲ್ಟಿಕ್ ಭಾಷೆಯ ಜನ ಇಟ್ಟದ್ದು. ಸುಮಾರು 1180ರ ದಾಖಲೆಯಲ್ಲಿ ಊರಿನ ಹೆಸರು ‘ಸೋಂಕಿ’ ಅಂತ ಇದೆ. ಕಾಗುಣಿತ ನೋಡಿದರೆ ‘ಸೋಂಚಿ’ ಅನ್ನಿಸುತ್ತದೆ. ಆದರೆ ನಾರ್ಮನ್ ಗುಮಾಸ್ತರು ‘ಕ’ ಸದ್ದಿಗೆ ‘ಸಿ’, ‘ಹೆಚ್’ ಎರಡು ಅಕ್ಷರ ಸೇರಿಸಿ ಬರೆಯುತ್ತಿದ್ದರು. ಇನ್ನು ‘ಸ್ಯಾ’ ಇರಬೇಕಾದಲ್ಲಿ ‘ಸೋ’ ಇರುವುದು ಆ ಸೀಮೆಯ ಮಾತಿನ ರೀತಿ. ‘ಮ್ಯಾನ್’ ಅನ್ನುವುದನ್ನು ಅಲ್ಲಿ ‘ಮೋನ್’ ಅನ್ನುತ್ತಿದ್ದರು.

ಈ ಉಚ್ಚಾರದ ವಿಷಯ ಹುಡುಕಾಟಕ್ಕೆ ನೇರವಾಗಿ ಬೇಕು. 17ನೇ ಶತಮಾನದಲ್ಲಿ ಒಂದೇ ಕಾಗುಣಿತ ಅನ್ನುವ ಮಾತೇ ಇರಲಿಲ್ಲ. ಪಾದ್ರಿಯ ಕಿವಿಗೆ ಬಿದ್ದಂತೆ ಬರೆದದ್ದೇ ಹೆಸರು. ಆದ್ದರಿಂದ ಮೊದಲು ಒಂದು ಪಟ್ಟಿ ಮಾಡಿಕೊಂಡೆ: ಸ್ಯಾಂಕಿ, ಸೋಂಕಿ, ಸ್ಯಾಂಚಿ, ಝ್ಯಾಂಕಿ, ಝ್ಯಾಂಚಿ, ಕೊನೆಯಲ್ಲಿ ‘ವೈ’ ಬರುವವು, ‘ಇ’, ‘ವೈ’ ಎರಡೂ ಬರುವವು. ಪ್ರತಿ ದಾಖಲೆಯಲ್ಲೂ ಈ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿ ಹುಡುಕುತ್ತೇನೆ. ಸಿಕ್ಕಿದ್ದನ್ನು ಮೂಲದಲ್ಲಿ ಇದ್ದ ಹಾಗೇ ಒಂದು ಕಾಲಮ್ಮಿನಲ್ಲಿ, ಇಂದಿನ ರೂಪವನ್ನು ಇನ್ನೊಂದು ಕಾಲಮ್ಮಿನಲ್ಲಿ ಬರೆಯುತ್ತೇನೆ. ಮೂಲವನ್ನು ತಿದ್ದಿಬಿಟ್ಟರೆ ಆಮೇಲೆ ಯಾವ ಸೀಮೆಯಲ್ಲಿ ಯಾವ ಉಚ್ಚಾರ ಇತ್ತು ಅನ್ನುವ ಸುಳಿವೇ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ, ಮರಣ, ಮದುವೆ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕಿಂತ ಹಿಂದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಪುಸ್ತಕ ಇಡಬೇಕು ಅನ್ನುವ ಆಜ್ಞೆ ಆದದ್ದು 1538ರಲ್ಲಿ. ನಾನು ಹೊಸ ಕಾಲದಿಂದ ಹಳೆಯ ಕಾಲಕ್ಕೆ ಹೋದೆ. ಮೊದಲು ನೋಂದಣಿ ಸೂಚಿ. ಅದರಲ್ಲಿ ಒಂದು ಮಗುವಿಗೆ ಒಂದೇ ಸಾಲು: ಹೆಸರು, ವರ್ಷದ ಯಾವ ಮೂರು ತಿಂಗಳು, ನೋಂದಣಿ ಜಿಲ್ಲೆ, ಸಂಪುಟ, ಪುಟ. ಹಳೆಯ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಬರುವುದು 1911ರ ಸೆಪ್ಟೆಂಬರ್ ಕಂತಿನಿಂದ. ಸರ್ಕಾರ ಹೊಸದಾಗಿ ಮಾಡಿದ ಆನ್‌ಲೈನ್ ಸೂಚಿಯಲ್ಲಿ ಅದು 1837ರಿಂದಲೇ ಇದೆ. ಇದೊಂದರಿಂದ ಕೆಲಸ ಎಷ್ಟು ಹಗುರವಾಯಿತು ಅಂದರೆ, ಒಂದೇ ಜಿಲ್ಲೆಯ ಇಬ್ಬರು ಥಾಮಸ್ ಸ್ಯಾಂಕಿಗಳನ್ನು ತಾಯಿಯ ತವರು ನೋಡಿಯೇ ಬೇರೆ ಮಾಡಬಹುದು.

ಹರಡುವಿಕೆಯ ಚಿತ್ರಕ್ಕೆ ನನಗೆ ಆಧಾರ 1881ರ ಜನಗಣತಿ. ಅದನ್ನು ಸ್ವಯಂಸೇವಕರು ಪೂರ್ತಿ ನಕಲು ಮಾಡಿ ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದಾರೆ. ಅವರಿಗೆ ನಾನು ಮನಸಾರೆ ಋಣಿ. ಮೊದಲ ನಕ್ಷೆ ಹಾಕಿದಾಗ ಲಂಕಾಶೈರ್ ಗಾಢ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿ ‘ಇದೇ ಮೂಲ’ ಅಂತ ತೀರ್ಮಾನ ಮಾಡಿಬಿಡುವುದು ಸುಲಭ. ಆದರೆ 1881ರಲ್ಲಿ ಲಂಕಾಶೈರ್‌ನಲ್ಲಿ ಸುಮಾರು 34 ಲಕ್ಷ ಜನ ಇದ್ದರು. ದಕ್ಷಿಣದ ಶ್ರಾಪ್‌ಶೈರ್‌ನಲ್ಲಿ ಎರಡೂವರೆ ಲಕ್ಷ. ಬರೀ ತಲೆ ಎಣಿಸಿದರೆ ದೊಡ್ಡ ಕೌಂಟಿಗೆ ಯಾವ ಹೆಸರು ಹಾಕಿದರೂ ಗಾಢವಾಗಿಯೇ ಕಾಣುತ್ತದೆ. ಲಕ್ಷಕ್ಕೆ ಎಷ್ಟು ಅಂತ ಲೆಕ್ಕ ಹಾಕಬೇಕು. ಹಾಗೆ ಹಾಕಿದರೆ ಸಣ್ಣ ಕೌಂಟಿಗಳೂ ಬಾಯಿ ಬಿಡುತ್ತವೆ.

ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಜನಗಣತಿ ಹಾಳೆಯ ಬಲಭಾಗದಲ್ಲಿರುವ ಹುಟ್ಟೂರಿನ ಕಾಲಮ್. 1851ರಿಂದ ಅದು ಊರಿನ ಹೆಸರನ್ನೇ ಹೇಳುತ್ತದೆ. 1841ರಲ್ಲಿ ‘ಇದೇ ಕೌಂಟಿಯಲ್ಲಿ ಹುಟ್ಟಿದವರೇ? ಹೌದು, ಇಲ್ಲ’ ಅಷ್ಟೇ ಇತ್ತು. ಆ ಸಲ ದೊಡ್ಡವರ ವಯಸ್ಸನ್ನೂ ಐದೈದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 34 ವರ್ಷದವನು ಹಾಳೆಯಲ್ಲಿ 30 ಆಗುತ್ತಾನೆ. ಹುಟ್ಟೂರು ಸಿಕ್ಕ ಮೇಲೆ ನಾನು ಎರಡು ನಕ್ಷೆ ಮಾಡಿದೆ, ಒಂದು ಇರುವ ಊರಿಗೆ, ಇನ್ನೊಂದು ಹುಟ್ಟಿದ ಊರಿಗೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಜನ ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತಿದ್ದರು ಅನ್ನುವುದು ಕಣ್ಣಿಗೆ ಕಾಣುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದು.

ಸಾಗಿದ್ದು ಬಹುತೇಕ ಕಸುಬಿನ ಹಿಂದೆ. ಸ್ಟಾಫರ್ಡ್‌ಶೈರ್‌ನ ಬಿಲ್ಸ್‌ಟನ್‌ನಲ್ಲಿ 1854ರಲ್ಲಿ ಜೋಸೆಫ್ ಸ್ಯಾಂಕಿ ತಗಡಿನ ಟ್ರೇ ಮಾಡುವ ಕಾರ್ಖಾನೆ ಶುರು ಮಾಡಿದರು. ಅದು ಮುಂದೆ ಮೋಟಾರು ಗಾಡಿಗಳಿಗೆ ಉಕ್ಕಿನ ಚಕ್ರ ಮಾಡುವಷ್ಟು ಬೆಳೆಯಿತು. ಆ ಕಾರ್ಖಾನೆ ಶುರುವಾದ ಮರುವರ್ಷ, 1855ರಲ್ಲಿ, ನಾಟಿಂಗ್‌ಹ್ಯಾಮ್ ಪಕ್ಕದ ಬುಲ್‌ವೆಲ್‌ನಲ್ಲಿ ರಿಚರ್ಡ್ ಸ್ಯಾಂಕಿ ಹೂಕುಂಡ ಮಾಡುವ ಉದ್ಯಮ ತೆರೆದರು. ಅಲ್ಲಿನ ಕೆಂಪು ಜೇಡಿಮಣ್ಣು ಕುಂಡಕ್ಕೆ ಹೇಳಿ ಮಾಡಿಸಿದ್ದು. ಇವತ್ತಿಗೂ ಬ್ರಿಟನ್ನಿನ ಹಿತ್ತಿಲಲ್ಲಿ ‘ಸ್ಯಾಂಕಿ ಬುಲ್‌ವೆಲ್’ ಮುದ್ರೆಯ ಹಳೆಯ ಕುಂಡಗಳು ಸಿಗುತ್ತವೆ. ಒಬ್ಬರು ತಗಡು, ಇನ್ನೊಬ್ಬರು ಮಣ್ಣು, ಹೆಸರು ಒಂದೇ, ಕಾಲ ಒಂದೇ. ಅಣ್ಣತಮ್ಮಂದಿರಿರಬೇಕು ಅನ್ನಿಸುತ್ತೆ ಅಲ್ವಾ? ಹಾಗೆ ಅನ್ನಿಸಿದ ಕೂಡಲೇ ನಾನು ಪೆನ್ನು ಕೆಳಗಿಡುತ್ತೇನೆ. ಹೆಸರು ಹೊಂದಿದರೆ ಹುಡುಕಲು ಒಂದು ಕಾರಣ ಸಿಕ್ಕಿತು, ಅಷ್ಟೇ. ಅದು ಸಂಬಂಧಕ್ಕೆ ಸಾಕ್ಷಿ ಅಲ್ಲ. ದೀಕ್ಷಾಸ್ನಾನದ ಪುಸ್ತಕವೋ ಉಯಿಲೋ ಸಿಗುವವರೆಗೆ ಇಬ್ಬರ ನಡುವೆ ಗೆರೆ ಎಳೆಯುವುದಿಲ್ಲ.

ಉಯಿಲಿನ ಬಗ್ಗೆ ಒಂದು ಮಾತು. 1858ಕ್ಕೆ ಮೊದಲು ಉಯಿಲು ಚರ್ಚಿನ ಕೋರ್ಟಿಗೆ ಹೋಗುತ್ತಿತ್ತು. ವಾರಿಂಗ್ಟನ್ ಸೀಮೆ ಚೆಸ್ಟರ್ ಬಿಷಪ್ಪರ ಕೆಳಗೆ ಇತ್ತು. ಅದರಲ್ಲಿ ಲಂಕಾಶೈರ್ ಪಾಲು ಈಗ ಪ್ರೆಸ್ಟನ್‌ನ ಪತ್ರಾಗಾರದಲ್ಲಿದೆ. ಇನ್ನೊಂದು ತೊಡಕು: ಹಳೆಯ ಕಾಲದಲ್ಲಿ ಗ್ರೇಟ್ ಸ್ಯಾಂಕಿ ಪ್ರೆಸ್ಕಟ್ ಪ್ಯಾರಿಷ್‌ಗೆ (ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿ) ಸೇರಿತ್ತು, ಲಿಟಲ್ ಸ್ಯಾಂಕಿ ವಾರಿಂಗ್ಟನ್ ಪ್ಯಾರಿಷ್‌ಗೆ. ಸಾಲದ್ದಕ್ಕೆ 1974ರಿಂದ ಇಡೀ ವಾರಿಂಗ್ಟನ್ನೇ ಚೆಷೈರ್ ಪಾಲಾಯಿತು. ಎಲ್ಲಿ ಹುಡುಕಬೇಕು ಅನ್ನುವುದನ್ನು ಇಂದಿನ ನಕ್ಷೆ ಹೇಳುವುದಿಲ್ಲ.

ಈಗ ನಮ್ಮ ಸ್ಯಾಂಕಿಯ ವಿಷಯ. ರಿಚರ್ಡ್ ಹೈರಮ್ ಸ್ಯಾಂಕಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ. 1829ರಲ್ಲಿ, ಐರ್ಲೆಂಡಿನ ಟಿಪ್ಪರೇರಿ ಕೌಂಟಿಯಲ್ಲಿ. ಎಂಜಿನಿಯರಿಂಗ್ ಓದಿದವರೆಲ್ಲ ನೋಡಿರುವ ‘ಸ್ಯಾಂಕಿ ಡಯಾಗ್ರಾಮ್’ ಇದೆಯಲ್ಲ, ಶಕ್ತಿ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಅಂತ ಬಾಣದ ದಪ್ಪದಲ್ಲಿ ತೋರಿಸುವುದು, ಅದು ಕ್ಯಾಪ್ಟನ್ ಮ್ಯಾಥ್ಯೂ ಹೆನ್ರಿ ಫಿನಿಯಸ್ ರಿಯಲ್ ಸ್ಯಾಂಕಿ ಅವರದ್ದು. 1898ರಲ್ಲಿ ಉಗಿಯಂತ್ರದ ಲೆಕ್ಕ ತೋರಿಸಲು ಬರೆದದ್ದು. ಅವರೂ ಹುಟ್ಟಿದ್ದು ಟಿಪ್ಪರೇರಿಯಲ್ಲೇ, 1853ರಲ್ಲಿ, ನೀನಾ ಎಂಬ ಪಟ್ಟಣದಲ್ಲಿ. ವಾರಿಂಗ್ಟನ್ ಪಕ್ಕದ ಹಳ್ಳದ ಹೆಸರು ಸಮುದ್ರ ದಾಟಿ ಅಲ್ಲಿಗೆ ಹೇಗೆ ಹೋಯಿತು?

ಅಲ್ಲಿ ಆ ಹೆಸರು ಎದ್ದು ಕಾಣುವುದು 1650ರ ದಶಕದಲ್ಲಿ. ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್‌ನ ಸೇನೆ ಐರ್ಲೆಂಡನ್ನು ಗೆದ್ದ ಮೇಲೆ ಕ್ಯಾಥೊಲಿಕರ ಜಮೀನನ್ನು ಕಿತ್ತುಕೊಂಡು ಸೈನಿಕರಿಗೂ ಸಾಲ ಕೊಟ್ಟವರಿಗೂ ಹಂಚಿದರು. ಆ ಸೇನೆಯಲ್ಲಿ ಕರ್ನಲ್ ಆಗಿದ್ದವರು ಸರ್ ಹೈರೋಮ್ ಸ್ಯಾಂಕಿ. ಟಿಪ್ಪರೇರಿ, ವಾಟರ್‌ಫರ್ಡ್ ಕ್ಷೇತ್ರದಿಂದ ಪಾರ್ಲಿಮೆಂಟಿಗೂ ಹೋದರು. ಹಂಚಿಕೆಗಾಗಿ ಜಮೀನು ಅಳೆದವರು ವಿಲಿಯಂ ಪೆಟ್ಟಿ. ಪೆಟ್ಟಿ ಹಂಚಿಕೆಯಲ್ಲಿ ಮೋಸ ಮಾಡಿದ ಅಂತ ಸ್ಯಾಂಕಿ ಪಾರ್ಲಿಮೆಂಟಿನಲ್ಲೇ ದೂರು ತಂದರು. ಆ ಕಾಲದ ಲೇಖಕ ಜಾನ್ ಆಬ್ರಿ ಬರೆದಿಟ್ಟ ಪ್ರಕಾರ ಜಗಳ ದ್ವಂದ್ವಯುದ್ಧದ ಸವಾಲಿನವರೆಗೂ ಹೋಯಿತು. ಪೆಟ್ಟಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಸವಾಲು ಹಾಕಿಸಿಕೊಂಡವನಿಗೆ ಜಾಗ, ಆಯುಧ ಆರಿಸುವ ಹಕ್ಕು. ಆತ ಆರಿಸಿದ್ದು ಕತ್ತಲು ಕವಿದ ನೆಲಮಾಳಿಗೆ, ಮತ್ತು ಬಡಗಿಯ ದೊಡ್ಡ ಕೊಡಲಿ! ಸವಾಲು ಅಲ್ಲಿಗೇ ನಿಂತಿತು. ಆಬ್ರಿ ಈತನ ಹೆಸರನ್ನು ‘ಸ್ಯಾಂಚಿ’ ಅಂತಲೇ ಬರೆದಿದ್ದಾರೆ. ನನ್ನ ಕಾಗುಣಿತದ ಪಟ್ಟಿ ಇಲ್ಲದಿದ್ದರೆ ಈ ಕಥೆ ನನ್ನ ಹುಡುಕಾಟಕ್ಕೆ ಸಿಗುತ್ತಲೇ ಇರಲಿಲ್ಲ.

ಹೈರೋಮ್, ಹೈರಮ್. ಕಿವಿಗೆ ಎಷ್ಟು ಹತ್ತಿರ! ಆದರೂ ನನ್ನ ವಂಶವೃಕ್ಷದಲ್ಲಿ ಇಬ್ಬರ ನಡುವೆ ಇರುವುದು ಚುಕ್ಕೆಗೆರೆ ಮಾತ್ರ. ಅದನ್ನು ಗಟ್ಟಿಗೆರೆ ಮಾಡಲು ಬೇಕಾದ ಕಾಗದಗಳಿಗೆ ಐರ್ಲೆಂಡಿನಲ್ಲಿ ದೊಡ್ಡ ಪೆಟ್ಟು ಬಿದ್ದಿದೆ. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಪತ್ರಾಗಾರ ಸುಟ್ಟು ಹೋಯಿತು. ಪ್ರಾಟೆಸ್ಟಂಟ್ ಚರ್ಚಿನ ಎಷ್ಟೋ ಪುಸ್ತಕಗಳು, 19ನೇ ಶತಮಾನದ ಮೊದಲರ್ಧದ ಜನಗಣತಿ, ಉಯಿಲುಗಳು, ಎಲ್ಲ ಬೂದಿ. ನೂರು ವರ್ಷದ ಮೇಲೆ, 2022ರಲ್ಲಿ, ಬೇರೆ ಬೇರೆ ಕಡೆ ಉಳಿದ ನಕಲುಗಳನ್ನು ಒಟ್ಟುಗೂಡಿಸಿ ಆನ್‌ಲೈನ್ ಪತ್ರಾಗಾರ ತೆರೆದಿದ್ದಾರೆ. ಅದೃಷ್ಟಕ್ಕೆ ಡಬ್ಲಿನ್ನಿನ ಕ್ರಯಪತ್ರಗಳ ನೋಂದಣಿ ಕಚೇರಿ ಬೇರೆ ಕಟ್ಟಡದಲ್ಲಿತ್ತು. 1708ರಿಂದ ಈಚಿನ ಜಮೀನಿನ ಪತ್ರ, ಗುತ್ತಿಗೆ, ಮದುವೆಯ ಕರಾರುಗಳ ಸಾರ ಅಲ್ಲಿ ಉಳಿದಿದೆ. ಜಮೀನು ಇದ್ದ ಮನೆತನಕ್ಕೆ ಇದಕ್ಕಿಂತ ಒಳ್ಳೆಯ ಆಕರ ಇಲ್ಲ. ‘ಇಂಥವನ ಎರಡನೇ ಮಗ, ಇಂಥ ಊರಿನವನು’ ಅಂತ ಸಂಬಂಧ ಬಿಡಿಸಿ ಬರೆದಿರುತ್ತಾರೆ.

ಹುಡುಕಾಟದಲ್ಲಿ ಕಸವೂ ಜಾಸ್ತಿ. ಹಳೆಯ ಪತ್ರಿಕೆಗಳಲ್ಲಿ ‘ಸ್ಯಾಂಕಿ’ ಅಂತ ಹಾಕಿದರೆ ಮೊದಲು ಬರುವುದು 1757ರಲ್ಲಿ ತೆರೆದ ಸ್ಯಾಂಕಿ ಕಾಲುವೆ, ಆಮೇಲೆ 1830ರ ಒಂಬತ್ತು ಕಮಾನಿನ ರೈಲು ಸೇತುವೆ. 1873ರಿಂದ 1875ರವರೆಗೆ ಬರೀ ಐರಾ ಸ್ಯಾಂಕಿ. ಪೆನ್ಸಿಲ್ವೇನಿಯಾದವರಾದ ಈ ಭಕ್ತಿಗೀತೆ ಗಾಯಕ ಬೋಧಕ ಮೂಡಿ ಜೊತೆ ಬ್ರಿಟನ್ ಸುತ್ತಿದ ಕಾಲ ಅದು. ಜಮೈಕಾದಲ್ಲಿ ಭಜನೆಯ ಹಾಡಿಗೇ ‘ಸ್ಯಾಂಕಿ’ ಅನ್ನುತ್ತಾರೆ. ಹಾಗಾಗಿ ಅಲ್ಲಿನ ಪತ್ರಿಕೆಯಲ್ಲಿ ಹೆಸರು ಕಂಡರೆ ಮನುಷ್ಯನೋ ಹಾಡೋ ಅಂತ ಮೊದಲು ನೋಡಬೇಕು. ನಮಗೆ ಸಂಬಂಧಪಟ್ಟ ಇನ್ನೊಬ್ಬರು ಲಾರ್ಡ್ ಜಾನ್ ಸ್ಯಾಂಕಿ. ಮಧ್ಯ ಇಂಗ್ಲೆಂಡಿನ ಮೊರ್ಟನ್ ಇನ್ ಮಾರ್ಷ್‌ನಲ್ಲಿ ಹುಟ್ಟಿ, ಕಾರ್ಡಿಫ್‌ನಲ್ಲಿ ಬೆಳೆದವರು. ದುಂಡುಮೇಜಿನ ಪರಿಷತ್ತಿನಲ್ಲಿ ಒಕ್ಕೂಟದ ರಚನೆಯ ಸಮಿತಿಗೆ ಅವರೇ ಅಧ್ಯಕ್ಷರು. ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೂ ಆ ಪರಿಷತ್ತಿಗೆ ಹೋಗಿದ್ದರು.

ಎಲ್ಲ ಹೆಸರುಗಳೂ ಹೀಗೆ ಹರಡಿರುವುದಿಲ್ಲ. ಹೋಲಿಕೆಗೆ ಅಂತ ‘ಕಬ್ಬನ್’ ತೆಗೆದುಕೊಂಡೆ. ಅದು ಐಲ್ ಆಫ್ ಮ್ಯಾನ್ ದ್ವೀಪದ ಹೆಸರು. ‘ಗಿಬ್ಬನ್ನನ ಮಗ’ ಅನ್ನುವ ಅರ್ಥದ ‘ಮ್ಯಾಕ್ ಗಿಬ್ಬನ್’ನಲ್ಲಿ ಮುಂದಿನ ‘ಮ್ಯಾ’ ಸವೆದು, ಉಳಿದ ‘ಕ್’ ಹೆಸರಿಗೆ ಅಂಟಿಕೊಂಡಿದೆ. ಆ ದ್ವೀಪದ ಹೆಸರುಗಳಲ್ಲಿ ಕೆಲ್ಲಿ, ಕ್ವೇಲ್, ಕಾರ್ಲೆಟ್ ಅಂತ ‘ಕ’ಕಾರವೇ ತುಂಬಿರುವುದು ಇದೇ ಕಾರಣಕ್ಕೆ. ಮಾರ್ಕ್ ಕಬ್ಬನ್ ಹುಟ್ಟಿದ್ದು 1775ರಲ್ಲಿ ಆ ದ್ವೀಪದ ಮಾಹಾಲ್ಡ್‌ನಲ್ಲಿ. 1861ರಲ್ಲಿ ಊರಿಗೆ ಹೊರಟವರು ಸೂಯೆಜ್‌ನಲ್ಲಿ ತೀರಿಕೊಂಡರು. ಮಣ್ಣಾದದ್ದು ಅದೇ ಮಾಹಾಲ್ಡ್‌ನಲ್ಲಿ. ಕಬ್ಬನ್ ನಕ್ಷೆಯಲ್ಲಿ ದ್ವೀಪ ಒಂದು ಗಾಢ ಚುಕ್ಕೆ, ಎದುರು ದಡದ ಲಿವರ್‌ಪೂಲ್‌ನಲ್ಲಿ ಅದರ ಚೂರು. ಸ್ಯಾಂಕಿಯದು ಹಾಗಲ್ಲ, ಕೇಂದ್ರ ಬಿಟ್ಟು ಹೊರಗೆ ಬೆಳೆದ ಹೆಸರು.

ಭಾರತದ ಸ್ಯಾಂಕಿಗಳನ್ನು ಹುಡುಕುವವರಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆ ಬೇಕು. ಬೆಂಗಳೂರು ದಂಡಿನ ಚರ್ಚುಗಳ ಲೆಕ್ಕ ಮದ್ರಾಸಿಗೆ ಹೋಗುತ್ತಿತ್ತು, ಆದ್ದರಿಂದ ಮದ್ರಾಸ್ ಸಾಲನ್ನೇ ನೋಡಬೇಕು. ‘ಮೈಸೂರು’ ಅಂತ ಹುಡುಕಿದರೆ ಸಿಗದು. ರಿಚರ್ಡ್ ಸ್ಯಾಂಕಿ ಇಲ್ಲಿಂದ ಹೋದ ಮೇಲೆ 1884ರಿಂದ 1896ರವರೆಗೆ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾಗಿದ್ದರು. ಆಮೇಲಿನ 1901, 1911ರ ಐರ್ಲೆಂಡ್ ಜನಗಣತಿ ಹಾಳೆಗಳು ಪೂರ್ತಿಯಾಗಿ, ಪುಕ್ಕಟೆಯಾಗಿ ಆನ್‌ಲೈನ್‌ನಲ್ಲಿವೆ. ಅದರಲ್ಲಿನ ಸ್ಯಾಂಕಿ ಮನೆಗಳನ್ನು ಒಂದೊಂದಾಗಿ ಕ್ರಯಪತ್ರದ ಸಾರಗಳ ಜೊತೆ ತಾಳೆ ನೋಡುತ್ತಾ ಹಿಂದಕ್ಕೆ ಹೋಗುತ್ತಿದ್ದೇನೆ. ಟಿಪ್ಪರೇರಿ ಮುಗಿದ ಮೇಲೆ ಶ್ರಾಪ್‌ಶೈರ್.