ರಾತ್ರಿ ಲೈಟು ಆರಿಸುವ ಮೊದಲು

ಹದಿನೈದು ವರ್ಷದಿಂದ ಹುಬ್ಬಳ್ಳಿಯಲ್ಲಿ ಟೈಲರಿಂಗ್ ಮಾಡುತ್ತಿದ್ದೇನೆ. ಹುಟ್ಟಿದ್ದೇ ಕ್ರೈಸ್ತ ಮನೆಯಲ್ಲಿ. ಭಾನುವಾರದ ಆರಾಧನೆಯಲ್ಲಿ ಎಲ್ಲರ ಜೊತೆ ಪಾಪದ ಅರಿಕೆ ಹೇಳುತ್ತಿದ್ದೆ, ಬಾಯಿಪಾಠ. ಹೇಳುವಾಗ ಯಾರ ಮುಖವೂ ಕಣ್ಣ ಮುಂದೆ ಬರುತ್ತಿರಲಿಲ್ಲ.

ಅದು ಬದಲಾಗಿದ್ದು ಒಂದು ಬ್ಲೌಸಿನಿಂದ. ತೋಳನ್ನು ನಾನೇ ಅರ್ಧ ಇಂಚು ಕಡಿಮೆ ಕತ್ತರಿಸಿದ್ದೆ. ಗಿರಾಕಿ ಹಾಕಿ ನೋಡಿ ಬಿಗಿ ಆಯ್ತು ಅಂದಾಗ, "ಹೊಸ ಹುಡುಗಿ ರೀ, ಅಳತೆ ತಪ್ಪಿಸ್ಯಾಳ" ಅಂದುಬಿಟ್ಟೆ. ಆ ಹುಡುಗಿ ಅಲ್ಲೇ ಕೆಳಗೆ ಕೂತು ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸೂಜಿ ಮಾತ್ರ ಸ್ವಲ್ಪ ಹೊತ್ತು ನಿಂತಿತು.

ರಾತ್ರಿ ಬೈಬಲಿನ 51ನೇ ಕೀರ್ತನೆ, ಪಾಪದ ಕ್ಷಮೆ ಬೇಡುವ ಹಾಡು, ಓದಿ ಅತ್ತುಬಿಟ್ಟೆ. ಮನಸ್ಸು ಹಗುರಾಯಿತು, ನಿದ್ದೆಯೂ ಬಂತು. ಬೆಳಗ್ಗೆ ಅವಳು ಸುಮ್ನೆ ಬಂದು ತನ್ನ ಜಾಗದಲ್ಲಿ ಕೂತಾಗ ಹೊಳೆಯಿತು: ಹಗುರಾಗಿದ್ದು ನಾನೊಬ್ಬಳೇ, ನಾನು ಹೊರಿಸಿದ್ದು ಇನ್ನೂ ಅವಳ ತಲೆ ಮೇಲೇ ಇದೆ.

ಪಶ್ಚಾತ್ತಾಪ ಅಂದರೆ ಆಮೇಲೆ ಬೇಯುವುದು. ಆದರೆ ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ ಇದಕ್ಕೆ ಬರುವ ಹೀಬ್ರೂ ಮಾತಿನ ಅರ್ಥ ತಿರುಗಿ ಬರುವುದು ಅಂತ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಬೆಂದ, ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯ ವಾಪಸ್ ಎಸೆದ, ಆದರೆ ಯೇಸುವಿನ ಹತ್ತಿರ ಬರಲಿಲ್ಲ. ಯೇಸು ಯಾರೋ ಗೊತ್ತಿಲ್ಲ ಅಂದುಬಿಟ್ಟಿದ್ದ ಶಿಷ್ಯ ಪೇತ್ರ ಅತ್ತು, ತಿರುಗಿ ಬಂದ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಂತೂ ಮೋಸ ಮಾಡಿ ತಗೊಂಡಿದ್ದನ್ನು ನಾಲ್ಕರಷ್ಟು ಕೊಡ್ತೀನಿ ಅಂತ ಎಲ್ಲರೆದುರು ಎದ್ದು ನಿಂತು ಹೇಳಿದ. ನಾನೂ ಆ ಗಿರಾಕಿಗೆ ಫೋನ್ ಮಾಡಿ, ಕತ್ತರಿಸಿದವಳು ನಾನೇ ಅಂದೆ, ಹುಡುಗಿ ಎದುರಿಗೇ. ನಾಲಿಗೆ ಒಣಗಿಹೋಗಿತ್ತು. "ಇರ್ಲಿ ಬಿಡ್ರೀ ಅಕ್ಕಾರ" ಅಂದಳು ಹುಡುಗಿ.

1517ರಲ್ಲಿ ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೇ ಇದು: ವಿಶ್ವಾಸಿಯ ಇಡೀ ಜೀವನ ಮಾನಸಾಂತರವಾಗಿರಬೇಕು, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗುವುದಾಗಿರಬೇಕು. ಇಡೀ ಜೀವನ ಅಂದರೆ ನನಗೆ ಕೈಗೆ ಸಿಗುವುದಿಲ್ಲ. ಒಂದು ದಿನ ಸಿಗುತ್ತದೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೂ ಅನುದಿನದ ಆಹಾರ ಕೇಳಿದ ಕೂಡಲೇ ಕ್ಷಮೆ ಕೇಳುತ್ತೇವೆ, ಅಲ್ವಾ?

ಹಾಗಾಗಿ ಈಗ ರಾತ್ರಿ ಮಷೀನಿಗೆ ಬಟ್ಟೆ ಹೊದಿಸಿ, ಲೈಟು ಆರಿಸುವ ಮೊದಲು ಹತ್ತು ನಿಮಿಷ ಸ್ಟೂಲಿನ ಮೇಲೆ ಕೂರುತ್ತೇನೆ. ಬೆಳಗಿನಿಂದ ಯಾರ್‍ಯಾರ ಜೊತೆ ಮಾತಾಡಿದೆ ಅಂತ ನೆನೆಯುತ್ತೇನೆ. ತಪ್ಪು ಕಂಡರೆ ಹೆಸರು ಹಿಡಿದು ದೇವರಿಗೆ ಹೇಳುತ್ತೇನೆ. "ನಾನು ಪಾಪಿ" ಅನ್ನುವುದು ಸುಲಭ. "ಗುರುವಾರ ಕೊಡ್ತೀನಿ ಅಂತ ಸುಳ್ಳು ಹೇಳಿದೆ" ಅನ್ನುವುದು ಕಷ್ಟ. "ಆದರೆ" ಅನ್ನೋ ಮಾತು ಬಂತೆಂದರೆ ನಿಲ್ಲಿಸಿ ಮತ್ತೆ ಮೊದಲಿಂದ ಹೇಳುತ್ತೇನೆ. ಆಮೇಲೆ, ನಾವು ಪಾಪಗಳನ್ನು ಒಪ್ಪಿಕೊಂಡರೆ ಆತನು ಕ್ಷಮಿಸುತ್ತಾನೆ ಅನ್ನೋ ಬೈಬಲ್ ವಚನ (1 ಯೋಹಾನ 1:9) ನೆನೆದು ಎದ್ದುಬಿಡುತ್ತೇನೆ. ನೀವೂ ಹೀಗೆ ಕೂತರೆ ಈ ಕೊನೆಯದನ್ನು ಬಿಡಬೇಡಿ. ಮೊದಲು ನಾನು ನೋಟ್‌ಬುಕ್ಕಿನಲ್ಲಿ ತಪ್ಪುಗಳನ್ನು ಬರೆದಿಡುತ್ತಿದ್ದೆ, ತಿಂಗಳಾದ ಮೇಲೆ ಅದು ಉದ್ರಿ ಪುಸ್ತಕದ ಹಾಗೆ ಕಾಣತೊಡಗಿತು, ದೇವರು ಕ್ಷಮಿಸಿದ್ದನ್ನೂ ನಾನು ಲೆಕ್ಕ ಇಟ್ಟುಕೊಂಡಿದ್ದೆ. ಹರಿದು ಒಲೆಗೆ ಹಾಕಿದೆ.

ನಿನ್ನೆ ರಾತ್ರಿ ನೆನಪಾಗಿದ್ದು ಅತ್ತೆ. ಮಂಡಿನೋವು ಅಂದಾಗ ಕೇಳಿಸಿಯೂ ಕೇಳಿಸದ ಹಾಗೆ ಮಷೀನು ತುಳಿದಿದ್ದೆ. ಬೆಳಗ್ಗೆ ಚಹಾ ಕೊಡುವಾಗ ಹೇಳಿದೆ. ಅವರು ಏನೂ ಅನ್ನಲಿಲ್ಲ. ಕಪ್ಪು ತಗೊಂಡು, ಮಂಚದ ಮೇಲೆ ಸ್ವಲ್ಪ ಸರಿದು ಕೂತರು. ನಾನೂ ಪಕ್ಕದಲ್ಲಿ ಕೂತೆ.