ಕಾರಿಗೆ ಇಷ್ಟು ಮಡಿ ಬೇಡ

ಬೆಳಿಗ್ಗೆ ಆರಕ್ಕೆ ಹಾಲು ತರಲು ಹೊರಟರೆ ನಮ್ಮ ಬೀದಿಯಲ್ಲಿ ಮೂರ್ನಾಲ್ಕು ಕಾರುಗಳ ಮೇಲಾದರೂ ಹಳೇ ಬನಿಯನ್ ಓಡಾಡುತ್ತಿರುತ್ತದೆ. ಒಂದು ಕಾಲಕ್ಕೆ ನನ್ನದೂ ಅದೇ ಕೆಲಸ. ಮಾರುತಿ 800 ತಂದ ಹೊಸದರಲ್ಲಿ ದಿನಾ ಪಂಚೆ ತುಂಡಿನಿಂದ ಒರೆಸಿದ್ದೇ ಒರೆಸಿದ್ದು. "ದೇವರ ಪಟಾನೂ ಹೀಗೆ ಒರೆಸಿದವರಲ್ಲ ನೀವು" ಅನ್ನುತ್ತಿದ್ದಳು ನಮ್ಮಾಕೆ. ಎರಡು ವರ್ಷ ಕಳೆದ ಮೇಲೆ ಎಳೆಬಿಸಿಲಲ್ಲಿ ಓರೆಯಾಗಿ ನೋಡುತ್ತೇನೆ, ಬಾನೆಟ್ ತುಂಬ ಜೇಡರ ಬಲೆಯಂಥ ಗೀರು! ಗೀಚಿದವನು ನಾನೇ. ಧೂಳಿನಲ್ಲಿ ನುಣ್ಣನೆ ಮರಳಿರುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಸ್ಯಾಂಡ್ ಪೇಪರ್ ಹಾಕಿದ ಹಾಗೆ.

ಧೂಳು ಕೂತರೆ ಕೂತಿರಲಿ, ಅದೇನೂ ಬಣ್ಣ ತಿನ್ನುವುದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ ತೊಳೆಯಿರಿ. ಪೈಪು ಬೇಡ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತಲ್ಲ, ಆಮೇಲಾದರೂ ಎರಡು ಬಕೆಟ್ ಅಭ್ಯಾಸವಾಗಬೇಕು. ಮೊದಲು ಮಗ್‌ನಲ್ಲಿ ನೀರು ಸುರಿದು ಮರಳು ಇಳಿಸಿ. ಆಮೇಲೆ ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ಚಕ್ರಕ್ಕೆ ಬೇರೆ ಬಟ್ಟೆ, ಅದೂ ಕೊನೆಗೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸಬೇಡಿ. ಮಡಿ ಮಾಡುವುದಿದ್ದರೆ ಇಲ್ಲಿ ಮಾಡಿ. ಬೋರ್‌ವೆಲ್ ನೀರಾದರೆ ತಕ್ಷಣ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಚುಕ್ಕೆ ಉಳಿಯುತ್ತದೆ.

ಆತುರ ಬೇಕಾದದ್ದು ಹಕ್ಕಿ ಹಿಕ್ಕೆಗೆ. ಬಿಸಿಲು ಸೇರಿತೋ, ಅದು ಬಣ್ಣದ ಮೇಲುಪದರವನ್ನೇ ತಿಂದು ಕಲೆ ಮಾಡುತ್ತದೆ. ಉಗುರಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿಟ್ಟರೆ ಮೆತ್ತಗಾಗಿ ಎದ್ದು ಬರುತ್ತದೆ.

ಇನ್ನು ಆಯುಧಪೂಜೆ. ವರ್ಷವಿಡೀ ಯಾರನ್ನೂ ಹತ್ತಿರ ಸೇರಿಸದವರು ಅವತ್ತು ತಾವೇ ಸೆಲೋಟೇಪ್ ಹಿಡಿದು ಮಾವಿನೆಲೆ ಅಂಟಿಸುತ್ತಾರೆ! ನಮ್ಮ ಅಳಿಯಂದಿರು ಹಾಗೆ ಅಂಟಿಸಿ ನಾಲ್ಕು ದಿನ ಬಿಸಿಲಲ್ಲಿ ಬಿಟ್ಟರು. ಟೇಪು ಬಂತು, ಅಂಟು ಬರಲಿಲ್ಲ. ಬ್ಲೇಡು ಹುಡುಕುತ್ತಿದ್ದವರನ್ನು ತಡೆದು, ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಸ್ವಲ್ಪ ಹೊತ್ತು ಇಟ್ಟು ತಿಕ್ಕಿ ತೋರಿಸಿದೆ. ಹೋಯಿತು. ಹಾರವನ್ನು ತಂತಿಯ ಬದಲು ದಾರದಲ್ಲಿ ಕಟ್ಟಿ. ಅರಿಶಿನ ಕುಂಕುಮವನ್ನು ಗಾಜಿಗಿಡಿ. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಳಪಿನ ಗುಂಗಿನಲ್ಲಿ ಮರೆತುಹೋಗುವ ಜಾಗ ಒಂದಿದೆ: ವೈಪರ್ ಕೆಳಗಿನ ಜಾಲರಿ. ಹೊಂಗೆ ಮರದಡಿ ನಿಲ್ಲಿಸುವವರಿಗಂತೂ ಅಲ್ಲಿ ಎಲೆ, ಹೂವು ತುಂಬಿರುತ್ತದೆ. ನೀರು ಹೋಗುವ ದಾರಿ ಕಟ್ಟಿದರೆ ಮಳೆಗಾಲದಲ್ಲಿ ಒಳಗೆ ಬರುತ್ತದೆ. ಆಗ ಮ್ಯಾಟ್ ಎತ್ತಿ, ಅಡಿಗೆ ಹಳೇ ಪೇಪರ್ ಹಾಸಿ, ಕಿಟಕಿ ತೆರೆದಿಟ್ಟು ಎರಡು ದಿನ ಒಣಗಿಸಬೇಕಾಗುತ್ತದೆ. ಮೊಮ್ಮಗ ಹಿಂದಿನ ಸೀಟಿನಲ್ಲಿ ಚೆಲ್ಲಿದ ಚುರುಮುರಿ ಸಿಗುವುದೂ ಆಗಲೇ. ನಾನು ಈಗೀಗ ಬೈಯುವುದಿಲ್ಲ, ಗುಡಿಸುತ್ತೇನೆ.